ಹೇಮಕೂಟದ ರಾಣಿಗೆ ಒಂದು ಹೆಸರು

ಬಾಸ್ಕಿಂಗ್ ರಿಡ್ಜ್, ನ್ಯೂಜೆರ್ಸಿ
೨೦ ಫೆಬ್ರವರಿ ೨೦೦೦

ಸಂಘದ ಪತ್ರಿಕೆಯ ಸಂಪಾದಕಿ ಶ್ರೀಮತಿ ಪದ್ಮಜಾ ಅವರಿಗೆ,

ನಮಸ್ಕಾರಗಳು. ಸಂಕ್ರಾಂತಿ ಸಂಚಿಕೆಯಲ್ಲಿ ತಾವು ಪ್ರಕಟಿಸಿರುವ ‘ಕನಸಿನ ಪಾತ್ರವರ್ಗ’ ಎಂಬ ಆಹ್ವಾನವನ್ನು ಮೂರು ಸಲ ಓದಿದೆ. ಬರುವ ರಾಜ್ಯೋತ್ಸವಕ್ಕೆ ‘ಹೇಮಕೂಟದ ರಾಣಿ’ ಸಂಗೀತ ನಾಟಕವನ್ನು ಸಂಘವು ಮತ್ತೆ ರಂಗಕ್ಕೆ ತರಲಿದೆ. ಯಾವ ಪಾತ್ರಕ್ಕೆ ಯಾರು ಒಪ್ಪುತ್ತಾರೆ ಎಂಬುದನ್ನು ಸದಸ್ಯರು ಮನಸಾರೆ ಊಹಿಸಿ ಬರೆಯಬೇಕು. ಇದು ತಮ್ಮ ಕೋರಿಕೆ. ಅಂಚೆಯಲ್ಲಿ ಬಂದ ಉತ್ತರಗಳನ್ನು ಈ ಸಲದ ಸಂಚಿಕೆಯಲ್ಲಿ ನೋಡಿದೆ. ಒಬ್ಬರು ಸೇನಾಪತಿಯ ಪಾತ್ರಕ್ಕೆ ಅರವತ್ತು ವರ್ಷಗಳ ಹಿಂದಿನ ಕಂಪನಿ ನಟನನ್ನು ಸೂಚಿಸಿದ್ದಾರೆ, ಇನ್ನೊಬ್ಬರು ಅದೇ ಪಾತ್ರಕ್ಕೆ ತಮ್ಮ ಭಾವಮೈದುನನನ್ನು. ವಿದೂಷಕನ ಪಾತ್ರಕ್ಕೆ ಹನ್ನೊಂದು ಮಂದಿ ಸಂಘದ ಅಧ್ಯಕ್ಷರ ಹೆಸರನ್ನೇ ಬರೆದಿರುವುದು ಅಚ್ಚಾಗಿದೆ. ಸಂತೋಷ.

ತಾವು ವಿಧಿಸಿರುವ ನಿಯಮಗಳು ಎರಡು. ಮೊದಲನೆಯದು: ಹೆಸರಿಸುವ ಕಲಾವಿದರು ಹಿಂದಿನವರಾಗಲಿ ಇಂದಿನವರಾಗಲಿ, ಇರುವವರಾಗಲಿ ಇಲ್ಲದವರಾಗಲಿ, ಅಡ್ಡಿಯಿಲ್ಲ. ಎರಡನೆಯದು: ಅತಿ ಹೆಚ್ಚು ಮತ ಪಡೆದವರು ನಮ್ಮ ಸಂಘದ ಸದಸ್ಯ ಕುಟುಂಬಕ್ಕೆ ಸೇರಿದವರಾದರೆ ಆ ಪಾತ್ರದ ಮೊದಲ ಹಕ್ಕು ಅವರದು, ಅವರಿಗೆ ಆಗದಿದ್ದರೆ ಪಾತ್ರದ ಏರ್ಪಾಡನ್ನು ಅವರ ಕುಟುಂಬವೇ ನಿರ್ಧರಿಸತಕ್ಕದ್ದು.

ರಾಣಿಯ ಪಾತ್ರಕ್ಕೆ ನನ್ನ ಮತ: ಕುಮಾರಿ ಸೌಜನ್ಯಾ ಈಶಣ್ಣ ಹುಲಕೋಟಿ. ನನ್ನ ಮಗಳು. ಹದಿನೇಳು ವರ್ಷಗಳಿಂದ ಸದಸ್ಯ ಕುಟುಂಬಕ್ಕೆ ಸೇರಿದವಳು. ಇಲ್ಲದವಳು. ಎರಡೂ ನಿಯಮಗಳಿಗೆ ಸಲ್ಲುತ್ತಾಳೆ. ಈ ಪತ್ರವನ್ನು ಒಂದಕ್ಷರವೂ ಬಿಡದೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕಾಗಿ ಕೋರುವ,

ಈಶಣ್ಣ ಹುಲಕೋಟಿ


ಎಡಿಸನ್
೫ ಮಾರ್ಚ್ ೨೦೦೦

ಈಶಣ್ಣ ಅಂಕಲ್‌ಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಅದನ್ನು ಬರೆದ ತಾರೀಖು ನೋಡಿ ಕಷ್ಟವಾಯಿತು, ಅದು ಸೌಜನ್ಯಾ ಹೋದ ದಿನ. ಅವತ್ತು ನಿಮಗೂ ಗೌರಮ್ಮ ಆಂಟಿಗೂ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಕ್ಷಮಿಸಿ.

ಆ ನಿಯಮಗಳನ್ನು ಬರೆದವಳು ನಾನೇ. ‘ಇಲ್ಲದವರು’ ಎಂದಾಗ ನನ್ನ ತಲೆಯಲ್ಲಿ ಇದ್ದದ್ದು ಹಳೆಯ ಕಂಪನಿ ನಟನಟಿಯರು, ಅಷ್ಟೆ. ಮೊನ್ನೆ ಕಮಿಟಿ ಸೇರಿದ್ದಾಗ ನಮ್ಮ ಪ್ರೆಸಿಡೆಂಟ್ ಕೃಷ್ಣಸ್ವಾಮಿ ಅಂಕಲ್ ಎಲ್ಲರೆದುರು, “ಏನ್ರೀ ಪದ್ಮಜಾ, ಪ್ರಿಂಟ್ ಮಾಡೋಕೆ ಮುಂಚೆ ಪ್ರೆಸಿಡೆಂಟ್‌ಗೆ ಒಂದ್ಸಲ ತೋರಿಸ್ಬಾರದಿತ್ತೇನ್ರೀ? ಈಶಣ್ಣನವರು ಡಿಬೇಟರ್ ಕಣ್ರೀ, ಒಂದು ಕಾಮಾ ಬಿಟ್ರೂ ಹಿಡಿದು ಜಗ್ಗುತ್ತಾರೆ” ಎಂದು ರೇಗಿದರು. ಆಮೇಲೆ ತಣ್ಣಗಾಗಿ, “ರೂಲ್ ಈಸ್ ರೂಲ್. ಹಾಕಿ” ಎಂದರು.

ಮಹಾಬಲ ಅಂಕಲ್ ಕೊನೆಯ ಕುರ್ಚಿಯಲ್ಲಿ ಕೂತಿದ್ದರು. ನಾಟಕದ ನಿರ್ದೇಶಕರು ಅವರೇ ಅಲ್ಲವೇ, “ನೀವೇನಂತೀರಿ?” ಎಂದು ಕೇಳಿದೆ. “ಹಾಕಿ ಮಾರಾಯ್ತಿ” ಎಂದಷ್ಟೇ ಹೇಳಿ ಫ್ಲಶಿಂಗಿಗೆ ಹೊರಟರು, ತಮ್ಮ ಹೋಟೆಲ್ ಮುಚ್ಚುವ ಹೊತ್ತಾಯಿತಂತೆ.

ಅಂಕಲ್, ಪ್ರಕಟಿಸುತ್ತೇನೆ. ಆದರೆ ಒಂದು ಸಲ ಯೋಚಿಸಿ. ಹೋದ ಸಲ ರಾಣಿ ಮಾಡಿದ್ದ ಮಹಾಬಲ ಅಂಕಲ್ ಮಗಳು ಜ್ಯೋತ್ಸ್ನಾಳ ಹೆಸರನ್ನು ಈಗಾಗಲೇ ನಲವತ್ತು ಜನ ಬರೆದಿದ್ದಾರೆ. ಸೌಜನ್ಯಾಳ ಹೆಸರಿಗೆ ಮೂರೋ ನಾಲ್ಕೋ ಮತ ಬಿದ್ದು ನಿಂತರೆ ನಿಮಗೇ ನೋವಾಗುತ್ತದಲ್ಲವೇ?

ನಿಮ್ಮ,
ಪದ್ಮಜಾ


ಬಾಸ್ಕಿಂಗ್ ರಿಡ್ಜ್
೨೮ ಮೇ ೨೦೦೦

ಮಹಾಬಲನಿಗೆ,

ನಿನಗೆ ಪತ್ರ ಬರೆಯದೆ ಎರಡು ವರ್ಷ ಮೂರು ತಿಂಗಳಾಯಿತು. ‘ಪ್ರಿಯ’ ಎಂಬ ಪದವನ್ನು ಕೈ ಮರೆತಿದೆ, ಅದನ್ನು ನಿರೀಕ್ಷಿಸಬೇಡ.

ಮತಗಳ ಎಣಿಕೆ ನಿನಗೂ ತಲುಪಿರಬೇಕು. ಜ್ಯೋತ್ಸ್ನಾಳಿಗೆ ಐವತ್ತೆರಡು, ಸೌಜನ್ಯಾಳಿಗೆ ಎಪ್ಪತ್ತೊಂದು. ಎಪ್ಪತ್ತೊಂದು ಹೇಗೆ ಬಂದಿತೆಂದು ಜನರು ಬೆರಗಾಗಿದ್ದಾರಂತೆ. ನಾನು ಹೇಳುತ್ತೇನೆ. ಹತ್ತು ಶನಿವಾರ ಬ್ರಿಡ್ಜ್‌ವಾಟರಿನ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಸದಸ್ಯತ್ವದ ಅರ್ಜಿಯನ್ನೂ ಮತಪತ್ರವನ್ನೂ ಹಿಡಿದು ನಿಂತಿದ್ದೆ. ಈ ವರ್ಷ ವೀಸಾ ಪಡೆದು ಬಂದಿಳಿದ ಹುಡುಗರು ಎಷ್ಟು ಮಂದಿ! ಒಂದೇ ಕಾರಿನಿಂದ ಆರು ಜನ ಇಳಿಯುತ್ತಾರೆ. “ಅಂಕಲ್, ಯಾರಿವರು ಸೌಜನ್ಯಾ? ಹೊಸ ಸಿಂಗರಾ?” ಎಂದು ಕೇಳಿದರು. ಹೌದೆಂದೆ. “ಚೆನ್ನಾಗಿ ಹಾಡ್ತಾರಾ?” ಎಂದರು. ಹೌದೆಂದೆ. ನಾನು ಒಂದೂ ಸುಳ್ಳು ಹೇಳಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಧಾರವಾಡದ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ತಂಡದ ಚರ್ಚಾಪಟುಗಳಾಗಿದ್ದಾಗ ಪೀಠಿಕೆ ನನ್ನದು, ಉಪಸಂಹಾರ ನಿನ್ನದಾಗಿತ್ತು. ಇಂದು ಎರಡೂ ನನ್ನವೇ.

೧೯೯೭ರ ಅಕ್ಟೋಬರಿನಲ್ಲಿ ನನ್ನ ಮನೆಯ ಬೇಸ್‌ಮೆಂಟಿನಲ್ಲಿ ನೀನು ತಾಲೀಮು ನಡೆಸುತ್ತಿದ್ದೆ. ಕೋಟೆಯ ಬಾಗಿಲಿನಲ್ಲಿ ನಿಂತು ಯುದ್ಧಕ್ಕೆ ಹೋದ ಗಂಡನನ್ನು ರಾಣಿ ಕರೆಯುವ ಹಾಡು, ‘ದೀಪವಾರುವ ಮುನ್ನ ಬಾ ದೊರೆಯೇ’. ಅದರಲ್ಲಿ ‘ಬಾ’ ಎಂಬಲ್ಲಿ ತಾರಕದಲ್ಲಿ ಹದಿನಾರು ಮಾತ್ರೆ ನಿಲ್ಲಬೇಕು. ಸೌಜನ್ಯಾ ಎಂಟಕ್ಕೆ ನಿಂತುಹೋಗುತ್ತಿದ್ದಳು. ಉಸಿರು ಸಾಲುತ್ತಿರಲಿಲ್ಲ. ನೀನು ಅವಳನ್ನು ಬೈದೆ. ನಾಟಕಕ್ಕೆ ಮೂರು ವಾರವಿರುವಾಗ ಪಾತ್ರವನ್ನು ಅವಳಿಂದ ಕಿತ್ತು ನಿನ್ನ ಮಗಳಿಗೆ ಕೊಟ್ಟೆ. ನಾಲ್ಕನೆಯ ತಿಂಗಳಿಗೆ ಸೌಜನ್ಯಾ ತೀರಿಹೋದಳು. ಹೃದಯದ ಕವಾಟ ಬಹಳ ಹಿಂದೆಯೇ ಕೆಟ್ಟಿತ್ತು, ಏದುಸಿರೇ ಅದರ ಮೊದಲ ಸೂಚನೆ, ನಾಲ್ಕು ತಿಂಗಳು ಮೊದಲು ಬಂದಿದ್ದರೆ ಶಸ್ತ್ರಚಿಕಿತ್ಸೆಯಿಂದ ಉಳಿಯುತ್ತಿದ್ದಳು ಎಂದರು ವೈದ್ಯರು.

ಯಾವ ವೈದ್ಯನಿಗಿಂತಲೂ ಮೊದಲು ಅವಳ ಉಸಿರು ಕಟ್ಟುವುದನ್ನು ಕೇಳಿದವನು ನೀನು. ಮೂವತ್ತು ವರ್ಷ ಹಾರ್ಮೋನಿಯಂ ಪೇಟಿ ಬಾರಿಸಿದ ಕಿವಿ ನಿನ್ನದು. ಕೇಳಿಯೂ ನನಗೆ ಹೇಳಲಿಲ್ಲ. ಬೈದೆ. ಇದು ನನ್ನ ಆರೋಪ.

ಅಂದಿನ ತಾಲೀಮಿನ ಕ್ಯಾಸೆಟ್ ನನ್ನಲ್ಲಿದೆ. ನವೆಂಬರಿನಲ್ಲಿ ರಾಣಿಯ ಪಾತ್ರವನ್ನು ಯಾರೂ ಮಾಡುವುದಿಲ್ಲ. ಸಿಂಹಾಸನ ಖಾಲಿ ಇರುತ್ತದೆ. ರಾಣಿಯ ಮಾತುಗಳನ್ನು ಸಖಿ ಹೇಳುತ್ತಾಳೆ. ಆ ಒಂದು ಹಾಡು ಮಾತ್ರ ಕ್ಯಾಸೆಟ್ಟಿನಿಂದ ಬರುತ್ತದೆ, ಅದರ ಜೊತೆಗೆ ನಿನ್ನ ಬೈಗುಳವೂ. ಪೇಟಿಯ ಮುಂದೆ ನೀನು ಕೂತಿರಬೇಕು. ಆರುನೂರು ಜನ ಕೇಳಲಿ.

ಪ್ರತಿವಾದವಿದ್ದರೆ ಬರೆ.

ಈಶಣ್ಣ


ಫ್ಲಶಿಂಗ್
೧೧ ಜೂನ್ ೨೦೦೦

ಈಶಣ್ಣ,

ನಿನ್ನ ಪತ್ರ ಬಂತು. ಪ್ರತಿವಾದ ಇಲ್ಲ.

ಪೇಟಿಗೆ ನಾನೇ ಕೂರುತ್ತೇನೆ. ಜ್ಯೋತ್ಸ್ನಾಳಿಗೆ ಹೇಳಿದ್ದೇನೆ, ಅವಳು ಪಾತ್ರ ಮಾಡುವುದಿಲ್ಲ.

ಒಂದೇ ಒಂದು ಪ್ರಶ್ನೆ. ಕ್ಯಾಸೆಟ್ ಪೂರ್ತಿ ಹಾಕುತ್ತೀಯೋ? ಗೌರಮ್ಮ ಅತ್ತಿಗೆಯೂ ಸಭೆಯಲ್ಲಿ ಇರುತ್ತಾರಲ್ಲ, ಅದಕ್ಕೆ ಕೇಳಿದೆ, ಬೇರೆ ಏನಲ್ಲ.

ಮಹಾಬಲ


ಬಾಸ್ಕಿಂಗ್ ರಿಡ್ಜ್
೩ ಸೆಪ್ಟೆಂಬರ್ ೨೦೦೦

ಮಹಾಬಲನಿಗೆ,

ನಿನ್ನ ಆರು ಸಾಲಿನ ಪತ್ರಕ್ಕೆ ಉತ್ತರಿಸುವ ಅಗತ್ಯವಿಲ್ಲವೆಂದು ಬೇಸಿಗೆಯೆಲ್ಲ ಸುಮ್ಮನಿದ್ದೆ. ಈಗ ತಾಲೀಮು ಆರಂಭವಾಗುತ್ತಿರುವುದರಿಂದ ನನ್ನ ಷರತ್ತುಗಳನ್ನು ತಿಳಿಸುತ್ತೇನೆ.

ಪೇಟಿಯನ್ನು ಪರದೆಯ ಮರೆಯಲ್ಲಿ ಇಡಕೂಡದು. ಕಂಪನಿ ನಾಟಕಗಳಲ್ಲಿ ಇರುತ್ತಿದ್ದಂತೆ ರಂಗದ ಮುಂಭಾಗದಲ್ಲಿ, ಪ್ರೇಕ್ಷಕರಿಗೆ ಎದುರಾಗಿ ಇರಬೇಕು. ಹಾಡಿನ ಹೊತ್ತಿಗೆ ಉಳಿದ ದೀಪಗಳು ಆರಿ, ಒಂದು ದೀಪ ಸಿಂಹಾಸನದ ಮೇಲೆ, ಇನ್ನೊಂದು ನಿನ್ನ ಮುಖದ ಮೇಲೆ ಬೀಳಬೇಕು. ಧ್ವನಿಯ ವ್ಯವಸ್ಥೆ ನೋಡಿಕೊಳ್ಳುವ ಕೀರ್ತನ್‌ನಿಗೆ ಕ್ಯಾಸೆಟ್ಟನ್ನು ನಾನೇ ಅಂದು ಸಂಜೆ ಕೈಗೆ ಕೊಡುತ್ತೇನೆ. ಮುಂಚಿತವಾಗಿ ಯಾರಿಗೂ ಕೇಳಿಸುವುದಿಲ್ಲ.

ಪೂರ್ತಿ ಹಾಕುತ್ತೀಯೋ ಎಂದು ಕೇಳಿದ್ದೀ. ಬೇಕಾದಷ್ಟನ್ನು ಹಾಕುತ್ತೇನೆ. ಸಾಕ್ಷ್ಯದಲ್ಲಿ ಪ್ರಸ್ತುತವಾದುದನ್ನು ಆರಿಸುವ ಹಕ್ಕು ವಾದಿಗೆ ಇರುತ್ತದೆ.

ಗೌರಮ್ಮ ಮೊದಲ ಸಾಲಿನಲ್ಲಿ ಕೂರುತ್ತಾಳೆ. ಅವಳನ್ನು ಅತ್ತಿಗೆ ಎಂದು ಕರೆಯಬೇಡ.

ಈಶಣ್ಣ


ಫ್ಲಶಿಂಗ್
೧೯ ನವೆಂಬರ್ ೨೦೦೦

ಈಶಣ್ಣ ಅಂಕಲ್,

ನನ್ನ ಕನ್ನಡ ಬರಹ ಚೆನ್ನಾಗಿಲ್ಲ. ಅಪ್ಪ ಕಲಿಸಿದಷ್ಟು ಬರುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ನೀವು ಓದದೆ ಎತ್ತಿಡುತ್ತೀರಿ ಎಂದು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಪ್ಪನಿಗೆ ಇದು ಗೊತ್ತಿಲ್ಲ.

ಹೋದ ಶನಿವಾರದ ನಾಟಕ ನೀವು ಅಂದುಕೊಂಡ ಹಾಗೆ ಆಗಲಿಲ್ಲ. ನಾನು ನಿಮ್ಮ ಹಿಂದಿನ ಸಾಲಿನಲ್ಲೇ ಇದ್ದೆ, ನಿಮ್ಮ ಕುತ್ತಿಗೆ ನೋಡುತ್ತಾ ಇದ್ದೆ. ಸೌಜನ್ಯಾ ಹಾಡಿದಳು. ಎಂಟಕ್ಕೆ ಉಸಿರು ಹೋಯಿತು. ಆಮೇಲೆ ಸ್ಪೀಕರಿನಲ್ಲಿ ಅಪ್ಪನ ಧ್ವನಿ ಬಂತು: “ಎಂತದು ಹೆಣ್ಣೇ ಇದು? ಗಾಳಿ ಹೋದ ಟಯರಿನ ಹಾಗೆ! ಉಸಿರೇ ಇಲ್ಲದವಳಿಗೆ ರಾಣಿ ಪಾತ್ರ ಎಂತಕ್ಕೆ? ಇನ್ನೊಮ್ಮೆ ಹಾಡು.” ಆಗ ಹಾಲ್ ನಕ್ಕಿತು. ನೀವು ಪಾರ್ಕಿಂಗ್ ಲಾಟಿನಲ್ಲಿ ಹಿಡಿದು ತಂದ ಆ ಹುಡುಗರಿಗೆ ಯಾರು ಸತ್ತಿದ್ದಾರೆ ಎಂದು ಗೊತ್ತಿರಲಿಲ್ಲ. ಕಾಮಿಡಿ ಸೀನ್ ಎಂದುಕೊಂಡರು. ಗೊತ್ತಿದ್ದವರು ತಲೆ ತಗ್ಗಿಸಿದರು. ಅವಳು ಎರಡನೇ ಸಲ ಹಾಡಿದಳು, ಮತ್ತೆ ಅಲ್ಲೇ ನಿಂತಿತು. ಆದರೆ ಅಪ್ಪ ನಿಲ್ಲಲಿಲ್ಲ. ಅವಳು ಬಿಟ್ಟ ಸ್ವರವನ್ನು ಪೇಟಿಯಲ್ಲಿ ಹಿಡಿದು ಉಳಿದ ಎಂಟು ಮಾತ್ರೆಯನ್ನೂ ಅವರೇ ತುಂಬಿಸಿದರು. ಅವಳೇ ಹಾಡಿ ಮುಗಿಸಿದ ಹಾಗೆ ಕೇಳಿಸಿತು. ಹಿಂದಿನಿಂದ ಯಾರೋ “ಒನ್ಸ್ ಮೋರ್!” ಎಂದು ಕೂಗಿದರು. ಇಡೀ ಹಾಲ್ ಕೂಗಿತು. ನಮ್ಮ ನಾಟಕಗಳಲ್ಲಿ ಕೂಗಿದ ಮೇಲೆ ಹಾಡಲೇಬೇಕಲ್ಲ? ಕೀರ್ತನ್‌ಗೆ ಏನು ಮಾಡಬೇಕೋ ತಿಳಿಯದೆ ಟೇಪ್ ರಿವೈಂಡ್ ಮಾಡಿದ. ಎಲ್ಲ ಸೇರಿ ಮೂರು ಸಲ ಆಯಿತು. ಮೂರು ಸಲವೂ ಬೈಗುಳ ಬಂತು. ಮೂರು ಸಲವೂ ಅಪ್ಪ ಆ ಸ್ವರ ತುಂಬಿಸಿದರು. ನಗು ಮೊದಲನೇ ಸಲ ಮಾತ್ರ ಇತ್ತು.

ಈಗ ನಾನು ಬರೆಯಬೇಕಾದ್ದು ಇದು. ಅಂಕಲ್, ೯೭ರ ಆ ದಿನ ನಾನೂ ನಿಮ್ಮ ಬೇಸ್‌ಮೆಂಟಿನಲ್ಲಿ ಇದ್ದೆ. ಸಖಿಯ ಪಾರ್ಟು ನನ್ನದು. ಸೌಜನ್ಯಾ ಮೊದಲ ಸಲ ನಿಲ್ಲಿಸಿದಾಗ ಅಪ್ಪ ಬೈಯಲಿಲ್ಲ. “ಹುಡುಗಿಗೆ ಏದುಸಿರು ಬರ್ತಾ ಉಂಟು ಈಶಣ್ಣ, ಇವತ್ತಿಗೆ ಸಾಕು, ಡಾಕ್ಟರಿಗೊಮ್ಮೆ ತೋರಿಸು” ಎಂದರು. ನೀವು ಮೆಟ್ಟಿಲ ಮೇಲೆ ಕಾಫಿ ಹಿಡಿದು ನಿಂತಿದ್ದಿರಿ. ನೀವು ಹೇಳಿದ್ದು ನನಗೆ ಈಗಲೂ ಹಾಗೇ ಕೇಳಿಸುತ್ತದೆ: “ಡಾಕ್ಟರ್ ಯಾಕ? ಮೈಗಳ್ಳತನ ಅದು. ಅಕಿ ನನ್ನ ಮಗಳು, ಸೋಲಾಕ ಹುಟ್ಟಿಲ್ಲ. ಬಿಡಬ್ಯಾಡ ಮಹಾಬಲಾ, ಬೈದು ಹಾಡಸು.”

ಆಮೇಲೆ ಅಪ್ಪ ಬೈದರು. ಮಾರನೇ ವಾರ ಪಾತ್ರ ಬಿಡಿಸಿದ್ದೂ ಅದಕ್ಕೇ. ನೀವು ಬಿಡಲಿಲ್ಲ, ಅದಕ್ಕೆ ಅವರು ಬಿಡಿಸಿದರು. ನನಗೆ ಆ ಪಾತ್ರ ಬೇಕಿರಲಿಲ್ಲ. ಅದರ ಸೀರೆ ಉಟ್ಟಾಗೆಲ್ಲ ಅಳು ಬರುತ್ತಿತ್ತು.

ನಿಮ್ಮ ಕ್ಯಾಸೆಟ್ಟಿನಲ್ಲಿ ಹಾಡು ನಿಂತ ಮೇಲೆ ಒಂದು ‘ಟಕ್’ ಎಂಬ ಸದ್ದು ಇತ್ತು. ಅದಾದ ಮೇಲೆ ನೇರವಾಗಿ ಅಪ್ಪನ ಬೈಗುಳ. ಆ ಎರಡು ಮಾತುಗಳು ಎಲ್ಲಿ ಹೋದವು? ನಾನು ಎದ್ದು ನಿಂತಿದ್ದೆ ಅಂಕಲ್. ಎಲ್ಲರೆದುರು ಹೇಳಬೇಕು ಎಂದೇ ಎದ್ದಿದ್ದೆ. ಪೇಟಿಯ ಮುಂದೆ ಕೂತಿದ್ದ ಅಪ್ಪ ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು, ಬೇಡ ಎಂದು. ಮನೆಗೆ ಡ್ರೈವ್ ಮಾಡುವಾಗ ಕೇಳಿದೆ, “ಯಾಕೆ ಪಪ್ಪಾ?” ಎಂದು. “ಅತ್ತಿಗೆಗೆ ಗೊತ್ತಿಲ್ಲ ಮಗಾ. ಮಗಳು ಹೋಗಿ ಆಯ್ತು, ಗಂಡನೊಬ್ಬ ಉಳಿಯಲಿ” ಎಂದರು.

ನೀವು ನನ್ನ ಅಪ್ಪನನ್ನು ಆರುನೂರು ಜನರ ಎದುರು ಕೂರಿಸಿದಿರಿ. ನಾನು ನಿಮ್ಮನ್ನು ಒಬ್ಬರ ಎದುರು ಕೂರಿಸಬಹುದು. ಆಂಟಿಯ ಫೋನ್ ನಂಬರ್ ನನ್ನ ಹತ್ತಿರ ಇದೆ. ಕ್ರಿಸ್‌ಮಸ್ ತನಕ ಕಾಯುತ್ತೇನೆ.

ಜ್ಯೋತ್ಸ್ನಾ


ಬಾಸ್ಕಿಂಗ್ ರಿಡ್ಜ್
೧೭ ಡಿಸೆಂಬರ್ ೨೦೦೦

ಮಹಾಬಲನಿಗೆ,

ನಿನ್ನ ಮಗಳ ಪತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ. ಅವಳನ್ನು ಬೈಯಬೇಡ. ಅವಳ ವಾದ ಸರಣಿಯಲ್ಲಿ ನನಗೆ ಒಂದು ದೋಷವೂ ಕಾಣಲಿಲ್ಲ. ನಮ್ಮ ಕಾಲದಲ್ಲಿ ಅವಳು ನಮ್ಮ ತಂಡದಲ್ಲಿದ್ದಿದ್ದರೆ ಬೆಳಗಾವಿಯ ಚರ್ಚಾಸ್ಪರ್ಧೆಯಲ್ಲಿ ಕೈತಪ್ಪಿದ ಆ ಬಹುಮಾನದ ಢಾಲು ನಮಗೇ ಬರುತ್ತಿತ್ತು.

ಕ್ಯಾಸೆಟ್ಟನ್ನು ಕತ್ತರಿಸಿದವನು ನಾನೇ. ಎರಡು ಟೇಪ್‌ರೆಕಾರ್ಡರುಗಳನ್ನು ಎದುರುಬದುರು ಇಟ್ಟು, ನಿನ್ನ ಒಂದು ಮಾತನ್ನೂ ನನ್ನ ಒಂದು ಮಾತನ್ನೂ ಬಿಟ್ಟು ಪ್ರತಿ ಮಾಡಿದೆ. ಹನ್ನೊಂದು ಸೆಕೆಂಡು. ಎರಡು ವರ್ಷಗಳಿಂದ ನನ್ನ ತಲೆಯಲ್ಲಿ ಆ ಪ್ರತಿಯೇ ಓಡುತ್ತಿತ್ತು. ಯಂತ್ರದಲ್ಲಿ ಮಾಡಿದ್ದು ಅದರ ನಕಲು ಮಾತ್ರ.

ಎದುರಾಳಿಗೆ ತಿಳಿದಿರುವ ಸಂಗತಿಯನ್ನು ಮುಚ್ಚಿಡಬೇಡ, ಅವನು ಅದನ್ನೇ ಹಿಡಿದು ಏಳುತ್ತಾನೆ ಎಂದು ಕಾಲೇಜಿನಲ್ಲಿ ನಮಗೆ ಕಲಿಸಿದ್ದರು. ನೀನು ಏಳುತ್ತೀಯೆಂದು ಜೂನ್‌ನಿಂದಲೂ ಕಾದೆ. ನಿನ್ನ ಪ್ರಶ್ನೆಯ ಅರ್ಥ ನನಗೆ ಅಂದೇ ಆಗಿತ್ತು. ನೀನು ಎದ್ದರೆ ನಿನ್ನನ್ನು ಕೊಚ್ಚಿಹಾಕಲು ಉತ್ತರಗಳನ್ನು ಸಿದ್ಧಪಡಿಸಿಕೊಂಡಿದ್ದೆ, ನಾಲ್ಕು ಪುಟ. ನೀನು ಏಳಲಿಲ್ಲ. ದೀಪದ ಕೆಳಗೆ ಕೂತು ನನ್ನ ಮಗಳ ಉಸಿರನ್ನು ಮೂರು ಸಲ ತುಂಬಿಸಿಕೊಟ್ಟೆ. ಇಷ್ಟು ಕ್ರೂರವಾದ ಪೆಟ್ಟನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

ಕ್ರಿಸ್‌ಮಸ್ ತನಕ ಕಾಯುವ ಪ್ರಸಂಗವನ್ನು ಜ್ಯೋತ್ಸ್ನಾಳಿಗೆ ತಂದಿಡಲಿಲ್ಲ. ಹೋದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೂಲ ಕ್ಯಾಸೆಟ್ಟನ್ನು ಅಡುಗೆಮನೆಯ ಟೇಬಲ್ಲಿನ ಮೇಲಿಟ್ಟು ಹಾಕಿದೆ. ಗೌರಮ್ಮ ಮೆಂತ್ಯಸೊಪ್ಪು ಬಿಡಿಸುತ್ತ ಕೂತಿದ್ದಳು. ನನ್ನ ಮಾತು ಬಂದಾಗ ಅವಳ ಕೈ ನಿಂತಿತು. ಕ್ಯಾಸೆಟ್ ಮುಗಿಯುವವರೆಗೂ ಅವಳು ನನ್ನತ್ತ ನೋಡಲಿಲ್ಲ. ಮುಗಿದ ಮೇಲೆ, “ಇದು ನಿಮಗ ಎಂದಿನಿಂದ ಗೊತ್ತಿತ್ತು?” ಎಂದಳು. “ಆಡಿದ ದಿನದಿಂದ” ಎಂದೆ. ಎದ್ದು ಹೋಗಿ ಸೌಜನ್ಯಾಳ ಕೋಣೆಯ ಬಾಗಿಲು ಹಾಕಿಕೊಂಡಳು. ಈ ವಾರವೆಲ್ಲ ಅಲ್ಲಿಯೇ ಮಲಗುತ್ತಿದ್ದಾಳೆ. ತಟ್ಟೆಗೆ ಬಡಿಸಿ ಒಳಗೆ ಹೋಗುತ್ತಾಳೆ.

ನಿನ್ನೆ ತಾನಾಗಿಯೇ ಹೊರಗೆ ಬಂದು, “ಅದನ್ನ ಇನ್ನೊಮ್ಮೆ ಹಾಕ್ರಿ” ಎಂದಳು. ಹಾಕಿದೆ. ಹಾಡು ಎಂಟಕ್ಕೆ ನಿಂತಿತು. ಅವಳು ಕೈಯೆತ್ತಿ ನಿಲ್ಲಿಸಲು ಹೇಳಿದಳು. “ಇಲ್ಲಿ ಬರಿದು ಆಗ್ತದ. ಅವತ್ತು ಹಾಲಿನ್ಯಾಗ ಆಗಿರಲಿಲ್ಲ. ಮಹಾಬಲ ಅಣ್ಣಾವರನ್ನ ಕರೀರಿ” ಎಂದಳು. ಮತ್ತೆ ಬಾಗಿಲು ಹಾಕಿಕೊಂಡಳು. ವಾರದಲ್ಲಿ ಅವಳು ನನ್ನೊಡನೆ ಆಡಿದ ಮಾತು ಇಷ್ಟೇ.

ಸಂಘದ ಪತ್ರಿಕೆಗೆ ನಾನು ಬರೆದ ತಪ್ಪೊಪ್ಪಿಗೆಯು ಪದ್ಮಜಾ ಅವರಿಗೆ ತಲುಪಿದೆ. ಒಂದಕ್ಷರವೂ ಬಿಡದೆ ಪ್ರಕಟಿಸಬೇಕೆಂದು ಕೋರಿದ್ದೇನೆ. ಆರುನೂರು ಜನ ಕೇಳಿದ್ದನ್ನು ಆರುನೂರು ಜನ ಓದಲಿ. ನಿನ್ನ ಮೇಲೆ ಹೂಡಿದ್ದ ಮೊಕದ್ದಮೆ ಬಿದ್ದುಹೋಯಿತು. ಅದರಲ್ಲಿದ್ದ ಸಿಟ್ಟಿಗೆ ಈಗ ಆರೋಪಿ ಸಿಕ್ಕಿದ್ದಾನೆ, ಮನೆಯಲ್ಲೇ ಇದ್ದಾನೆ. ಅವನನ್ನು ನಾನು ಬಿಡುವವನಲ್ಲ.

ಬರುವ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಪೇಟಿ ತೆಗೆದುಕೊಂಡು ಬಾ. ಹಿಮ ಬೀಳುವ ಸೂಚನೆಯಿದೆ, ಸೇತುವೆಯ ಮೇಲೆ ನಿಧಾನವಾಗಿ ಬಾ. ಬೇಸ್‌ಮೆಂಟಿನಲ್ಲಿ ಗುಡಿಸಿ ಚಾಪೆ ಹಾಸಿರುತ್ತೇನೆ. ಗೌರಮ್ಮ ಕುರ್ಚಿಯಲ್ಲಿ ಕೂರುತ್ತಾಳೆ. ನಾನು ಮೆಟ್ಟಿಲ ಮೇಲೆ, ಅಂದು ನಿಂತಿದ್ದಲ್ಲಿಯೇ ನಿಂತಿರುತ್ತೇನೆ. ನೀನು ನನ್ನನ್ನು ಮಾತಾಡಿಸಬೇಕಾಗಿಲ್ಲ, ಸಮಾಧಾನವಂತೂ ಹೇಳಲೇಬೇಡ. ಕ್ಯಾಸೆಟ್ಟಿನಲ್ಲಿ ಸೌಜನ್ಯಾ ಎಂಟಕ್ಕೆ ನಿಂತಾಗ ಉಳಿದ ಎಂಟನ್ನು ಹಿಡಿ. ಅತ್ತಿಗೆ ಸಾಕೆನ್ನುವವರೆಗೆ ಬಾರಿಸು. ನಾನು ಸಾಕೆಂದರೆ ಕೇಳಬೇಡ.

ಈಶಣ್ಣ